ಮೈಕಿನಲ್ಲಿ ಓದಿದ ಹೆಸರುಗಳು

ನಾನು ಹೊಲ ಮಾಡುವವನು, ಪದ ಹಾಡುವವನು. ಏಳನೇ ಕ್ಲಾಸಿಗೆ ಓದು ನಿಂತಿತು. ದೇವರು ದನಿ ಮಾತ್ರ ಸ್ವಲ್ಪ ದೊಡ್ಡದು ಕೊಟ್ಟಾನೆ. ಹಂಗಾಗಿ ನಮ್ಮೂರಲ್ಲಿ ಏನು ಸುದ್ದಿ ಸಾರಬೇಕಾದರೂ ಆಂಜನೇಯನ ಗುಡಿ ಮೈಕಿನ ಮುಂದೆ ನನ್ನನ್ನೇ ಕರೀತಾರೆ. ಎರಡು ದಿನ ನಲ್ಲಿ ನೀರು ಬರಲ್ಲ ಅಂತ, ದನಕ್ಕೆ ಸೂಜಿ ಹಾಕೋಕೆ ಡಾಕ್ಟರು ಬಂದಾರೆ ಅಂತ, ಇಂಥವರ ಎಮ್ಮೆ ತಪ್ಪಿಸಿಕೊಂಡೈತಿ ಅಂತ. ಇಷ್ಟು ವರ್ಷ ಕೂಗಿದ್ದರಲ್ಲಿ ಒಂದು ಸಲ ಕೂಗಿದ್ದು ಮಾತ್ರ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದೈತಿ. ವಾಚನಾಲಯದ ಪುಸ್ತಕಕ್ಕೆ ಏನಾದರೂ ಬರಿ ಅಂತ ಮೇಷ್ಟ್ರು ಅಂದಾಗ, ಹಾಡಿನ ಬಗ್ಗೆ ಬರೀತೀನಿ ಅಂದುಕೊಂಡೆ. ಕೂತ ಮೇಲೆ ಬಂದದ್ದು ಇದು.

2020ರ ಮೇ ತಿಂಗಳು. ಬಿಸಿಲು ಕಲ್ಲು ಸೀಳೋ ಹಂಗಿತ್ತು. ಊರ ಶಾಲೆಯಲ್ಲಿ ಹೊರಗಿನಿಂದ ಬಂದ ನಮ್ಮವರನ್ನೇ ಇಳಿಸಿದ್ದರು. ಗುಂಟೂರು ಕಡೆ ಸುಗ್ಗಿಗೆ ಹೋದವರು, ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋದವರು. ಒಬ್ಬರು ಬಂದು ನನ್ನ ಕೈಗೆ ಕಾಗದ ಕೊಟ್ಟು, "ಇದನ್ನ ಓದಿಬಿಡು, ಊರಿಗೆ ಗೊತ್ತಾಗಲಿ, ಯಾರೂ ಇವರ ಹತ್ತಿರ ಹೋಗಬಾರದು" ಅಂದರು. ಯಾರು ಅಂತ ಬರೆಯಲ್ಲ. ಅವರಿಗೂ ಯಾರೋ ಕೊಟ್ಟಿದ್ದರು, ಆ ಯಾರಿಗೋ ಇನ್ಯಾರೋ ಕಳಿಸಿದ್ದರು. ಹನ್ನೊಂದು ಹೆಸರು. ಹೆಸರಿನ ಮುಂದೆ ತಂದೆ ಅಥವಾ ಗಂಡನ ಹೆಸರು, ವಯಸ್ಸು, ಎಲ್ಲಿಂದ ಬಂದರು, ಫೋನ್ ನಂಬರು. ನಾನು ಗಂಟಲು ಸರಿಮಾಡಿಕೊಂಡು, ಪದ ಹಾಡೋ ಹಂಗೆ ನಿಧಾನವಾಗಿ, ಒಂದೊಂದೇ ಓದಿದೆ. ನಂಬರು ಓದಲಿಲ್ಲ. ಆದರೆ ನಾನು ಓದೋವಾಗ ಪಕ್ಕದಲ್ಲಿ ನಿಂತ ಹುಡುಗ ಕಾಗದದ ಫೋಟೋ ಹೊಡೆದುಕೊಂಡ. ಸಂಜೆಗೆ ಆ ಫೋಟೋ ವಾಟ್ಸಾಪಿನಲ್ಲಿ ಆಚೆ ನಾಲ್ಕು ಊರಿಗೆ ಮುಟ್ಟಿತ್ತು.

ಎಂಟನೇ ಹೆಸರು ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡು ಮೂರು ವರ್ಷ. ಮಗನನ್ನು ಅತ್ತೆ ಮನೆಯಲ್ಲಿ ಬಿಟ್ಟು, ಸಿರುಗುಪ್ಪದ ಕಡೆ ಅಕ್ಕನ ಊರಲ್ಲಿ ಭತ್ತದ ಕೆಲಸಕ್ಕೆ ಇದ್ದೀನಿ ಅಂತ ಹೇಳಿದ್ದಳು. ಕಾಗದದಲ್ಲಿ 'ಬೆಂಗಳೂರು' ಅಂತ ಇತ್ತು. ನಾನು ಬೆಂಗಳೂರು ಅಂತಲೇ ಓದಿದೆ. ಅಲ್ಲಿ ಆಕೆ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಕಸ ಗುಡಿಸಿ ದುಡ್ಡು ಕಳಿಸುತ್ತಿದ್ದಳು, ಅಷ್ಟೇ. ಆದರೆ ಒಂಟಿ ಹೆಣ್ಣು ಬೆಂಗಳೂರಿಗೆ ಹೋದರೆ ಗಂಡನ ಪಾಲಿನ ಎರಡು ಎಕರೆ ಕೇಳಬಾರದು ಅಂತ ಆ ಮನೆಯಲ್ಲಿ ಮೊದಲೇ ಮಾತಾಗಿತ್ತು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಅಂತ ನಾನು ಬಹಳ ದಿನ ಸಮಾಧಾನ ಮಾಡಿಕೊಂಡೆ. ಇದೇನು ಅಂಥಾ ದೊಡ್ಡ ಗುಟ್ಟು ಅಂತ ನಿಮಗೆ ಅನ್ನಿಸಬಹುದು. ಗುಟ್ಟಿನ ತೂಕ ಅದನ್ನ ಹೊತ್ತವರಿಗೇ ಗೊತ್ತು.

ಶಾಲೆಯಲ್ಲಿ ದಿನ ಮುಗಿಸಿ ಹೊರಗೆ ಬಂದಾಗ ಆಕೆಗೆ ಅತ್ತೆ ಮನೆ ಬಾಗಿಲು ತೆರೆಯಲಿಲ್ಲ. ರೋಗದ ಭಯ ಒಂದು ನೆಪ. ನನ್ನ ಮನೆ ಮುಂದೆ ಹಾದು ಹೋಗುವಾಗ ನಿಂತು, ಜಗಳ ಮಾಡಲಿಲ್ಲ, ಇಷ್ಟೇ ಅಂದಳು: "ಮಾವ, ನಾನು ಹೆಸರು ಬರೆಸಿದ್ದು ಬಸ್ಸಿಗೆ."

ಈ ಮಾತನ್ನೇ ನಾನು ಈ ಐದಾರು ವರ್ಷ ತಿರುವಿ ಹಾಕಿ ನೋಡ್ತಾ ಇದ್ದೀನಿ. ಬಸ್ಸಿಗೆ ಅಂತ ಕೊಟ್ಟ ಹೆಸರು ಗುಡಿ ಮೈಕಿಗೆ ಹೆಂಗೆ ಬಂತು? ಅದನ್ನ ತರೋಕೆ ಯಾರಿಗೆ ಹಕ್ಕಿತ್ತು?

ನಮ್ಮ ಕಡೆಯವರಿಗೆ ವಲಸೆ ಹೊಸದಲ್ಲ, ಈ ಪುಸ್ತಕ ಓದುವವರಿಗೆ ಹೇಳಬೇಕಾಗಿಲ್ಲ. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ, ಹಾಲಹರ್ವಿ, ಆಲೂರು, ಯಾವ ಕಡೆ ನೋಡಿದರೂ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಬೀಗ. ಆದೋನಿ ಮಾರ್ಕೆಟಿಗೆ ಹತ್ತಿ ಹಾಕಿ ಸಾಲ ತೀರದವರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸೋಕೆ ಹೋಗ್ತಾರೆ. ಅದಕ್ಕೂ ಸುಗ್ಗಿ ಅಂತಲೇ ಹೆಸರು, ನಮ್ಮ ಹೊಲದ ಸುಗ್ಗಿ ಅಲ್ಲ, ಬೇರೆಯವರ ಹೊಲದ ಸುಗ್ಗಿ. ಮುದುಕರು, ಮಕ್ಕಳು ಮಾತ್ರ ಊರಲ್ಲಿ. ಮಾರ್ಚ್ 24ರ ರಾತ್ರಿ ದೇಶವೆಲ್ಲ ಬಂದ್ ಅಂದಾಗ ಅವರು ಇದ್ದ ಕಡೆಯೇ ಸಿಕ್ಕಿಕೊಂಡರು. ಗುಂಟೂರು ನಮ್ಮ ರಾಜ್ಯದಲ್ಲೇ ಇದ್ದರೂ ಆಗ ಅದು ಅರಬ್ ದೇಶದಷ್ಟು ದೂರ.

ಏಪ್ರಿಲ್ 29ಕ್ಕೆ ಕೇಂದ್ರದ ಗೃಹ ಇಲಾಖೆಯಿಂದ ಆದೇಶ ಬಂತು. ಸಿಕ್ಕಿಕೊಂಡವರನ್ನ ಅವರವರ ಊರಿಗೆ ಕಳಿಸಬಹುದು, ರಾಜ್ಯಗಳು ಅವರ ಹೆಸರು ನೋಂದಾಯಿಸಿಕೊಳ್ಳಬೇಕು, ಊರು ಮುಟ್ಟಿದ ಮೇಲೆ ಅವರ ಆರೋಗ್ಯದ ಮೇಲೆ ಕಣ್ಣಿಡಬೇಕು, ಅದಕ್ಕೆ ಆರೋಗ್ಯ ಸೇತು ಆಪ್ ಹಾಕಿಕೊಳ್ಳೋಕೆ ಹೇಳಬೇಕು. ಆ ಆದೇಶವನ್ನ ಮೇಷ್ಟ್ರು ನನಗೆ ಓದಿ ಹೇಳ್ಯಾರೆ. ಹೆಸರು ಬರೆದುಕೊಳ್ಳಿ ಅಂತ ಐತಿ. ಬರೆದುಕೊಂಡ ಹೆಸರನ್ನ ಆಮೇಲೆ ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ.

ಬೆಂಗಳೂರಿನಿಂದ ಬರುವವರ ಕಷ್ಟ ಇನ್ನೊಂದು ತರ. ಆ ಕಡೆ ಕರ್ನಾಟಕದ ಸೇವಾ ಸಿಂಧುವಿನಲ್ಲಿ ಬರೆಸಬೇಕು, ಈ ಕಡೆ ಆಂಧ್ರದ ಸ್ಪಂದನದಲ್ಲಿ ಬರೆಸಬೇಕು. ಮಾತು ಕನ್ನಡ, ಆಧಾರ್ ಆಂಧ್ರದ್ದು. 1953ರ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು, ರಾಯದುರ್ಗ ತಾಲೂಕು ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದರಲ್ಲ, ಆಗ ನಮ್ಮ ತಾತಂದಿರ ಹೆಸರು ಒಂದು ರಾಜ್ಯದ ದಫ್ತರದಿಂದ ಇನ್ನೊಂದಕ್ಕೆ ಹೋಯಿತು. ಅವರು ಮಾತ್ರ ಇದ್ದ ಕಟ್ಟೆ ಮೇಲೇ ಕೂತಿದ್ದರು. ಎತ್ತು ಕೊಳ್ಳೋಕೆ, ಹೆಣ್ಣು ತರೋಕೆ, ಉರುಕುಂದ ಈರಣ್ಣನ ಜಾತ್ರೆಗೆ ಈ ಗಡಿ ಯಾವತ್ತೂ ಅಡ್ಡ ಬಂದಿರಲಿಲ್ಲ. ಆ ಮೇ ತಿಂಗಳಲ್ಲಿ ಮೊದಲ ಸಲ ಅದು ನಿಜವಾದ ಗೋಡೆ ಆಯಿತು. ಹೊಳೆ ಆಚೆ ರಾಯಚೂರು ಸೀಮೆ, ಈಚೆ ನಮ್ಮದು, ನಡುವೆ ಪೊಲೀಸರು, ಕೈಯಲ್ಲಿ ಕಾಗದ ಇದ್ದವನು ಮನುಷ್ಯ.

ಹಂಗಂತ ಹೆಸರು ಬರೆದುಕೊಂಡದ್ದೇ ತಪ್ಪು ಅಂತ ನಾನು ಹೇಳಲ್ಲ. ಹೆಸರಿಲ್ಲದೆ ಬಸ್ಸು ಎಷ್ಟು ಬೇಕು, ಊಟ ಎಷ್ಟು ಜನಕ್ಕೆ ಬೇಕು ಅಂತ ಯಾರಿಗೂ ತಿಳಿಯಲ್ಲ. ನಮ್ಮೂರ ಇಬ್ಬರು ಅಣ್ಣತಮ್ಮಂದಿರ ಹತ್ತಿರ ಫೋನ್ ಇರಲಿಲ್ಲ. ಯಾವ ಪಟ್ಟಿಗೂ ಸೇರಲಿಲ್ಲ. ಸಿಕ್ಕ ಲಾರಿ ಹತ್ತಿ, ಇಳಿದು, ನಡೆದು, ಹತ್ತು ದಿನ ತಡವಾಗಿ ಬಂದರು. ಕಾಲು ನೋಡೋಕಾಗುತ್ತಿರಲಿಲ್ಲ. ಅವರನ್ನ ಕೇಳಿದರೆ ಪಟ್ಟಿ ಬೇಕು ಅಂತಲೇ ಹೇಳ್ತಾರೆ. ಪಟ್ಟಿಯಲ್ಲಿ ಇಲ್ಲದೆ ಹೋದದ್ದು ಅವರ ಕಷ್ಟ, ಪಟ್ಟಿಯಲ್ಲಿ ಇದ್ದದ್ದು ಆ ಹೆಣ್ಣುಮಗಳ ಕಷ್ಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಬೇಕು ಅಂತ ನಾನು ಹೇಳೋದು.

ಈ ವಿಷಯ ಕಟ್ಟೆ ಮೇಲೆ ಎತ್ತಿದಾಗ ಒಬ್ಬ ಮೇಷ್ಟ್ರು ನನ್ನ ಮೇಲೆ ರೇಗಿದರು. "ರೋಗ ಬಂದಾಗ ಊರಿಗೆ ತಿಳಿಯೋ ಹಕ್ಕಿಲ್ಲವೇನಯ್ಯಾ? ಗುಟ್ಟು ಗುಟ್ಟು ಅಂತ ಕೂತಿದ್ದರೆ ಊರು ಉಳೀತಿತ್ತಾ?" ಮಾತು ತೆಗೆದುಹಾಕೋ ಹಂಗಿರಲಿಲ್ಲ. ಆ ಏಪ್ರಿಲ್‌ನಲ್ಲಿ ಆಂಧ್ರದಲ್ಲೇ ಹೆಚ್ಚು ಕಾಯಿಲೆ ನಮ್ಮ ಕರ್ನೂಲು ಜಿಲ್ಲೆಯಲ್ಲಿತ್ತು. ನನ್ನ ಹೆಂಡತಿಗೆ ಉಬ್ಬಸ. ರಾತ್ರಿ ಆಕೆ ಕೆಮ್ಮಿದರೆ ನನಗೆ ನಿದ್ದೆ ಹಾರುತ್ತಿತ್ತು. ನಿಜ ಹೇಳಬೇಕೆಂದರೆ ಆ ದಿನ ಮೈಕಿನ ಮುಂದೆ ನನಗೆ ಸಂಕೋಚ ಆಗಲಿಲ್ಲ, ಒಂದು ನಮೂನೆ ಧೈರ್ಯ ಬಂದಿತ್ತು. ಇವರು ಅವರು, ನಾವು ನಾವು ಅಂತ ಗೆರೆ ಎಳೆದಂಗೆ. ಭಯ ಇದ್ದವನ ಕೈಗೆ ಪಟ್ಟಿ ಕೊಟ್ಟರೆ ಹಿಂಗೇ ಆಗುತ್ತದೆ.

ಆದರೆ ಮೇಷ್ಟ್ರಿಗೆ ನಾನು ಕೇಳಿದ್ದು: ಊರಿಗೆ ಏನು ತಿಳೀಬೇಕಾಗಿತ್ತು? ಹನ್ನೊಂದು ಜನ ಬಂದಾರೆ. ಶಾಲೆಯಲ್ಲಿ ಇದ್ದಾರೆ. ಇಷ್ಟು ದಿನ ಆ ಕಡೆ ಹೋಗಬೇಡಿ, ಮಕ್ಕಳನ್ನ ಬಿಡಬೇಡಿ. ಊಟ ಕೊಡುವವರು ಗೇಟಿನ ಹೊರಗೆ ಇಟ್ಟು ಬರ್ರಿ. ಇದರಲ್ಲಿ ಯಾರ ಹೆಸರು ಬೇಕು? ವಯಸ್ಸು ಯಾಕೆ? ಬೆಂಗಳೂರೋ ಗುಂಟೂರೋ ಯಾಕೆ? ಹೆಸರು ತಿಳೀಬೇಕಾದವರು ಇಬ್ಬರೇ, ಜ್ವರ ನೋಡೋ ನರ್ಸಮ್ಮ ಮತ್ತೆ ಊಟದ ಲೆಕ್ಕ ಬರೆಯುವವನು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರಿಲ್ಲದೆ ಹೇಳಿದರೆ ಜನ ನಂಬ್ತಿರಲಿಲ್ಲ" ಅಂದರು. ಅದೂ ಇರಬಹುದು. ನಂಬಲಿ ಅಂತ ಒಬ್ಬಳ ಮನೆ ಮುರೀಬಹುದಾ ಅನ್ನೋದು ಬೇರೆ ಪ್ರಶ್ನೆ.

ಇದು ನಮ್ಮೂರೊಂದರ ಕಥೆ ಅಂದುಕೊಂಡಿದ್ದೆ. ಆಮೇಲೆ ವಾಚನಾಲಯದಲ್ಲಿ ಹಳೇ ಪೇಪರು ತಿರುವಿದಾಗ ಗೊತ್ತಾಯಿತು, ದೊಡ್ಡವರೂ ಹಿಂಗೇ ಮಾಡ್ಯಾರೆ. 2020ರ ಮಾರ್ಚ್‌ನಲ್ಲೇ ಕರ್ನಾಟಕದಲ್ಲಿ ಪರದೇಶದಿಂದ ವಿಮಾನದಲ್ಲಿ ಬಂದು ಮನೆಯಲ್ಲಿ ಪ್ರತ್ಯೇಕ ಇದ್ದವರ ಸಾವಿರಾರು ವಿಳಾಸಗಳನ್ನ ಸರ್ಕಾರವೇ ಹೊರಗೆ ಹಾಕಿತ್ತು. ಮನೆ ನಂಬರು, ರಸ್ತೆ, ಎಲ್ಲ. ಬಂದವರ ಕೈಮೇಲೆ ಓಟಿಗೆ ಹಾಕುವಂಥ ಶಾಯಿಯ ಮುದ್ರೆ. ಗಂಟೆಗೊಂದು ಸಲ ತನ್ನ ಮುಖದ ಫೋಟೋ ತೆಗೆದು ಆಪಿನಲ್ಲಿ ಕಳಿಸಬೇಕು, ರಾತ್ರಿ ಹತ್ತರಿಂದ ಬೆಳಗ್ಗೆ ಏಳರ ತನಕ ಮಾತ್ರ ಬಿಡುವು. ದೇಶದ ಎಷ್ಟೋ ಕಡೆ ಮನೆ ಬಾಗಿಲಿಗೆ ನೋಟೀಸು ಅಂಟಿಸಿದರು. ಆ ನೋಟೀಸಿನ ಮೇಲೆ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಡಿಸೆಂಬರ್ 9ಕ್ಕೆ ಕೋರ್ಟು ಹೇಳಿತು, ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಅಧಿಕಾರ ಇದ್ದವರು ಆದೇಶ ಕೊಟ್ಟ ಹೊರತು ಹಂಗೆ ಅಂಟಿಸಬೇಕಾಗಿಲ್ಲ ಅಂತ. ಅಷ್ಟೊತ್ತಿಗೆ ನೋಟೀಸು ಮಳೆಗೆ ತೊಯ್ದು ಹರಿದಿದ್ದವು, ಅಕ್ಕಪಕ್ಕದವರ ಮನಸ್ಸಿನಲ್ಲಿ ಅಂಟಿದ್ದು ಹಂಗೇ ಇತ್ತು.

ವಿಮಾನದಲ್ಲಿ ಬಂದವರಿಗೂ ಲಾರಿಯಲ್ಲಿ ಬಂದವರಿಗೂ ಒಂದು ವ್ಯತ್ಯಾಸ ಐತಿ. ಅವರಲ್ಲಿ ಕೆಲವರಾದರೂ ಪೇಪರಿಗೆ ಬರೆದರು, ಕೋರ್ಟಿಗೆ ಹೋದರು. ನಮ್ಮ ಹನ್ನೊಂದು ಮಂದಿ ತಲೆ ತಗ್ಗಿಸಿ ಹೊಲಕ್ಕೆ ಹೋದರು.

ಸರ್ಕಾರಕ್ಕೆ ಗುಟ್ಟು ಇಟ್ಟುಕೊಳ್ಳೋಕೆ ಬರಲ್ಲ ಅಂತ ಏನಿಲ್ಲ, ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಶುರುವಾಯಿತು. ಅಲ್ಲಿ ಎಣ್ಣೆ, ಗಿಡಮೂಲಿಕೆ ಔಷಧಿ ಮಾರೋಕೆ ಹೋದ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಕ್ಕಿಕೊಂಡರು. ಕರ್ನಾಟಕದಲ್ಲಿ ಅದು ಚುನಾವಣೆ ಕಾಲ. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು 31 ಮಂದಿ ಅಲ್ಲಿದ್ದಾರೆ, ಅವರನ್ನ ಕರೆತರಬೇಕು ಅಂತ ಟ್ವಿಟರಿನಲ್ಲಿ ಬರೆದರು. ವಿದೇಶಾಂಗ ಮಂತ್ರಿ ಜೈಶಂಕರ್ ಸಿಟ್ಟಾಗಿ ಉತ್ತರ ಕೊಟ್ಟರು. ಆ ಜಗಳ ನನಗೆ ಬೇಡ. ಆ ಉತ್ತರದಲ್ಲಿ ಇದ್ದ ಒಂದು ಮಾತು ಬೇಕು: ಅಲ್ಲಿರುವವರ ವಿವರ, ಇರೋ ಜಾಗ, ಭದ್ರತೆ ಕಾರಣಕ್ಕೆ ಬಹಿರಂಗ ಮಾಡೋಕೆ ಬರಲ್ಲ ಅಂತ. ಆಮೇಲೆ ಆಪರೇಷನ್ ಕಾವೇರಿ ಅಂತ ಹೆಸರಿಟ್ಟು, ಪೋರ್ಟ್ ಸುಡಾನಿನಿಂದ ಹಡಗಿನಲ್ಲಿ, ವಿಮಾನದಲ್ಲಿ ಜೆಡ್ಡಾಕ್ಕೆ ದಾಟಿಸಿ, 3,800ಕ್ಕೂ ಹೆಚ್ಚು ಮಂದಿಯನ್ನ ಆ ದೇಶದಿಂದ ಹೊರಗೆ ತಂದರು. ಹಕ್ಕಿಪಿಕ್ಕಿಯವರೂ ಬಂದರು.

ಅದನ್ನ ಓದಿದ ದಿನ ನಾನು ಪೇಪರು ಮಡಿಸಿಟ್ಟು ಸುಮ್ಮನೆ ಕೂತೆ. ಸುಡಾನಿನಲ್ಲಿ ಹೆಸರು ಹೊರಗೆ ಬಿದ್ದರೆ ಬಂದೂಕಿನವನಿಗೆ ಗೊತ್ತಾಗುತ್ತದೆ, ಆದ್ದರಿಂದ ಹೇಳಲ್ಲ. ಸರಿಯಾದ ಮಾತು. ನಮ್ಮೂರಲ್ಲಿ ಬಂದೂಕು ಇಲ್ಲ, ಆದ್ದರಿಂದ ಹೇಳಬಹುದು ಅಂತ ಅಂದುಕೊಂಡರು. ಅತ್ತೆ ಮನೆ ಬಾಗಿಲು, ನಲ್ಲಿ ಹತ್ತಿರದ ಮಾತು, ಎರಡು ಎಕರೆ ಹೊಲ, ಇವು ಸರ್ಕಾರದ ಲೆಕ್ಕದಲ್ಲಿ ಭದ್ರತೆಯ ಕಾರಣ ಆಗಲ್ಲ. ಬಡವನಿಗೆ ಅಪಾಯ ಬರೋದು ಹೊರದೇಶದಿಂದ ಅಲ್ಲ, ಮೂರನೇ ಮನೆಯಿಂದ.

ಹೆಸರು ಬರೆಸುವಾಗ ಅವರೇ ಒಪ್ಪಿ ಬರೆಸಿದ್ದಾರಲ್ಲ ಅಂತ ಕೆಲವರು ಅಂತಾರೆ. ಬಾವಿಗೆ ಬಿದ್ದವನಿಗೆ ಮೇಲಿನಿಂದ ಹಗ್ಗ ಬಿಟ್ಟು, 'ಇದನ್ನ ಹಿಡಿಯೋ ಮೊದಲು ಕರಾರಿಗೆ ಹೆಬ್ಬೆಟ್ಟು ಒತ್ತು' ಅಂದರೆ ಅವನು ಒತ್ತುತ್ತಾನೆ. ಕೇಳಿದ್ದಕ್ಕೆಲ್ಲ ಒತ್ತುತ್ತಾನೆ. ಅದನ್ನ ಒಪ್ಪಿಗೆ ಅಂತ ಕರೆದರೆ ಹಗ್ಗ ಹಿಡಿದವನಿಗೆ ನಾಚಿಕೆ ಆಗಬೇಕು. 2022ರ ಮಾರ್ಚ್‌ನಲ್ಲಿ ಉಕ್ರೇನಿನಲ್ಲಿ ಬಾಂಬು ಬೀಳುತ್ತಿದ್ದಾಗ ಅಲ್ಲಿ ಉಳಿದಿದ್ದ ನಮ್ಮ ಮಕ್ಕಳಿಗೆ ರಾಯಭಾರಿ ಕಚೇರಿ ಒಂದು ಗೂಗಲ್ ಫಾರಂ ಕಳಿಸಿ ಬೇಗ ತುಂಬಿ ಅಂದಿತು. ಹೆಸರು, ಪಾಸ್‌ಪೋರ್ಟು, ಫೋನು, ಈಗ ಎಲ್ಲಿದ್ದೀರಿ. ಬೇರೆ ದಾರಿ ಇರಲಿಲ್ಲ, ಅವಸರ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಯುದ್ಧದಲ್ಲಿ ಸಿಕ್ಕಿಕೊಂಡ ಮಕ್ಕಳ ಲೆಕ್ಕ ಬರೆಯೋಕೆ ಇಷ್ಟು ದೊಡ್ಡ ದೇಶಕ್ಕೆ ಸ್ವಂತ ಪುಸ್ತಕ ಇರಲಿಲ್ಲ, ಪರದೇಶದ ಕಂಪನಿಯ ಕಾಗದ ಕೇಳಬೇಕಾಯಿತು ಅನ್ನೋದು ನನಗೆ ಒಂದು ತರ ಅನ್ನಿಸಿತು.

ಒಪ್ಪಿಗೆ ವಿಷಯದಲ್ಲಿ ಕರ್ನಾಟಕದ ಹೈಕೋರ್ಟೇ ಒಂದು ಒಳ್ಳೇ ಮಾತು ಹೇಳೈತಿ. ಆರೋಗ್ಯ ಸೇತು ಆಪಿನ ಮೇಲೆ ಬೆಂಗಳೂರಿನಲ್ಲಿ ಕೇಸು ನಡೆದಿತ್ತು. 2021ರ ಜನವರಿ 25ಕ್ಕೆ ಮುಖ್ಯ ನ್ಯಾಯಮೂರ್ತಿ ಓಕಾ ಅವರಿದ್ದ ಪೀಠ, ಜನರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯದೆ ಅವರ ಆರೋಗ್ಯದ ವಿವರವನ್ನ ಬೇರೆ ಇಲಾಖೆಗೆ ಹಂಚಬಾರದು ಅಂತ ಮಧ್ಯಂತರ ಆದೇಶ ಕೊಟ್ಟಿತು. ಆಪ್ ಹಾಕಿಕೊಂಡಿದ್ದಾನೆ ಅಂದ ಮಾತ್ರಕ್ಕೆ ಎಲ್ಲದಕ್ಕೂ ಹೂಂ ಅಂದಂಗಲ್ಲ. ಆ ಹೆಣ್ಣುಮಗಳು 'ಬಸ್ಸಿಗೆ' ಅಂದದ್ದು ಇದೇ ಮಾತು. ಆಕೆ ಹೈಕೋರ್ಟಿಗಿಂತ ಎಂಟು ತಿಂಗಳು ಮೊದಲು ಹೇಳಿದ್ದಳು, ಕೇಳುವವರು ಇರಲಿಲ್ಲ.

ಖಾಸಗಿತನ ಅಂತ ಒಂದು ಮಾತು ಈಗ ಪೇಪರಿನಲ್ಲಿ ಬರುತ್ತದೆ. ನಮ್ಮ ಕಡೆ ಹಂಗಂದರೆ ನಗ್ತಾರೆ. ಒಂದೇ ಅಂಗಳದಲ್ಲಿ ನಾಲ್ಕು ಮನೆ, ಯಾರ ಮನೆ ಸಾರು ಏನು ಅಂತ ವಾಸನೆಯಲ್ಲೇ ಗೊತ್ತು, ಇಲ್ಲಿ ಎಂಥಾ ಖಾಸಗಿ ಅಂತ. ಆದರೆ ಆ ಹಕ್ಕಿಗೆ ಸುಪ್ರೀಂ ಕೋರ್ಟಿನ ತನಕ ಹೋದವರು ನಮ್ಮ ಭಾಷೆಯ ಸೀಮೆಯವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯಕ್ಕೆ ಕೇಸು ಹಾಕಿದರು. 2017ರ ಆಗಸ್ಟ್ 24ಕ್ಕೆ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಹಿರಿಯರು 2024ರಲ್ಲಿ ತೀರಿಕೊಂಡರು. ಮನುಷ್ಯನ ವಿಷಯ ತಗೊಳ್ಳಬೇಕಾದರೆ ಸರ್ಕಾರಕ್ಕೆ ಕಾನೂನು ಇರಬೇಕು, ತಕ್ಕ ಕಾರಣ ಇರಬೇಕು, ಬೇಕಾದಷ್ಟೇ ತಗೊಳ್ಳಬೇಕು ಅನ್ನೋದು ಆ ತೀರ್ಪಿನಿಂದ ನಾನು ಹಿಡಿದುಕೊಂಡ ಸಾರ. ಬೇಕಾದಷ್ಟೇ. ಹೊಲಕ್ಕೆ ನೀರು ಬಿಡುವವನಿಗೆ ಇದು ಹೇಳಿಕೊಡಬೇಕಾಗಿಲ್ಲ, ಹೆಚ್ಚು ಬಿಟ್ಟರೆ ಬೇರು ಕೊಳೀತದೆ.

2023ರ ಆಗಸ್ಟಿನಲ್ಲಿ ಇದಕ್ಕೊಂದು ಕಾಯ್ದೆಯೂ ಆಯಿತು, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಅಂತ ಹೆಸರು. ಮೇಷ್ಟ್ರು ಎರಡು ಸಂಜೆ ಕೂತು ನನಗೆ ಬಿಡಿಸಿ ಹೇಳಿದರು. ರೋಗ, ನೆರೆ, ವಿಪತ್ತು ಬಂದಾಗ ಒಪ್ಪಿಗೆ ಕೇಳದೆಯೂ ವಿವರ ಬಳಸಬಹುದು ಅಂತ ಐತಿ. ಇರಲಿ, ಅದು ಬೇಕಾಗುತ್ತದೆ. ಯಾವ ಕೆಲಸಕ್ಕೆ ವಿವರ ತಗೊಂಡರೋ ಆ ಕೆಲಸ ಮುಗಿದ ಮೇಲೆ ಅಳಿಸಿಹಾಕಬೇಕು ಅಂತಲೂ ಐತಿ. ಅಲ್ಲಿಗೆ ನನಗೆ ಬಹಳ ಖುಷಿ ಆಯಿತು. ಆಮೇಲೆ ಮೇಷ್ಟ್ರು ಹದಿನೇಳನೇ ಕಲಮು ತೆಗೆದರು. ಅದರ ನಾಲ್ಕನೇ ಉಪಕಲಮಿನಲ್ಲಿ, ಈ ಅಳಿಸೋ ಕಟ್ಟು ಸರ್ಕಾರಕ್ಕೂ ಅದರ ಅಂಗಗಳಿಗೂ ಅನ್ವಯಿಸಲ್ಲ ಅಂತ ಐತಿ. ಅಂದರೆ ಅಂಗಡಿಯವನು ಅಳಿಸಬೇಕು, ಸರ್ಕಾರ ಇಟ್ಟುಕೊಳ್ಳಬಹುದು. ಇನ್ನೊಂದು ವಿಚಿತ್ರ, ಬರೀ ಕಾಗದದ ಮೇಲೆ ಇರೋ ಹೆಸರಿಗೆ ಈ ಕಾಯ್ದೆಯೇ ಇಲ್ಲ. ಕಂಪ್ಯೂಟರಿಗೋ ಫೋನಿಗೋ ಏರಿದರೆ ಮಾತ್ರ. ನಮ್ಮಂಥ ಊರಲ್ಲಿ ಮನುಷ್ಯನ ಮಾನ ಹೋಗೋದು ಇನ್ನೂ ಕಾಗದದಲ್ಲೇ, ಬಾಯಲ್ಲೇ.

ನಮ್ಮಲ್ಲಿ ಸಾಲ ತಗೊಂಡರೆ ಪ್ರೋನೋಟು ಬರೆದುಕೊಡ್ತೀವಿ. ಬಡ್ಡಿ, ಅಸಲು ತೀರಿದ ದಿನ ಮೊದಲು ಮಾಡೋ ಕೆಲಸ ಆ ನೋಟು ವಾಪಸು ಇಸಕೊಂಡು ಸಾಹುಕಾರನ ಮುಂದೆಯೇ ಹರಿಯೋದು. ಎಷ್ಟೇ ನಂಬಿಕಸ್ತನಾದರೂ ಬಿಡಲ್ಲ. ಯಾಕೆಂದರೆ ಅವನು ನಂಬಿಕಸ್ತ, ಅವನ ಮಗ ಹೆಂಗೋ. ಊರಿಗೆ ಬಂದ ಮಂದಿ ಹದಿನಾಲ್ಕು ದಿನ ಶಾಲೆಯಲ್ಲಿ ಇದ್ದು ತೀರಿಸಬೇಕಾದ್ದು ತೀರಿಸಿದರು. ಅವರ ನೋಟು ಯಾರು ವಾಪಸು ಕೊಟ್ಟರು?

ಪಟ್ಟಿಗೆ ಬಿದ್ದ ಹೆಸರು ಸುಲಭಕ್ಕೆ ಇಳಿಯಲ್ಲ ಅಂತ ನಮ್ಮ ಸೀಮೆಗೆ ಮೊದಲೇ ಗೊತ್ತು. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಕೆಲವು ಜಾತಿಗಳನ್ನೇ ಕಳ್ಳರು ಅಂತ ಪಟ್ಟಿ ಹಾಕಿದರು. ನಮ್ಮ ಕಡೆ ಕೊರಚರು, ಎರುಕಲರು ಅದಕ್ಕೆ ಸಿಕ್ಕರು. ಪೊಲೀಸಿನವರ ಮುಂದೆ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಹೇಳಿ ಬಿಡಬೇಕು. ಸ್ವಾತಂತ್ರ್ಯ ಬಂದು 1952ರಲ್ಲಿ ದೇಶದಲ್ಲೆಲ್ಲ ಆ ಕಾನೂನು ಹೋಯಿತು. ಆದರೆ ನಾನು ಹುಡುಗನಾಗಿದ್ದಾಗಲೂ ಎಲ್ಲಾದರೂ ಕೋಳಿ ಕಳುವಾದರೆ ಜನ ಮೊದಲು ನೋಡುತ್ತಿದ್ದದ್ದು ಅವರ ಗುಡಿಸಲ ಕಡೆಯೇ. ಪಟ್ಟಿ ಸುಟ್ಟರೂ ಓದಿದವರ ಬಾಯಿ ಇರುತ್ತದಲ್ಲ.

ಈಗ ಓದಿದವನ ಬಾಯಿಯ ವಿಷಯಕ್ಕೇ ಬರ್ತೀನಿ. ನನಗೆ ಪದ ಕಲಿಸಿದ ಹಿರಿಯರು ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವಾಗ ಹೊಸ ಹೊಸ ಪದ ಕಟ್ಟುತ್ತಿದ್ದರು. ಊರಲ್ಲಿ ನಡೆದದ್ದೂ ಪದಕ್ಕೆ ಬರುತ್ತಿತ್ತು. ಬಾವಿಗೆ ಬಿದ್ದವರು, ಬರಗಾಲದಲ್ಲಿ ಊರು ಬಿಟ್ಟವರು. ಆದರೆ ಅವರು ನನಗೆ ಹಾಕಿದ ಕಟ್ಟು ಒಂದಿತ್ತು: ಯಾರ ಹೆಸರು ಪದದಲ್ಲಿ ಇಡ್ತೀಯೋ ಅವರ ಮನೆಗೆ ಮೊದಲು ಹೋಗಿ ಕೇಳು. ಬೇಡ ಅಂದರೆ 'ಒಬ್ಬ ತಾಯಿ' ಅಂತ ಹಾಡು, ಕೇಳುವವರ ಕಣ್ಣಲ್ಲಿ ಅಷ್ಟೇ ನೀರು ಬರ್ತದೆ. ಈ ಕಟ್ಟನ್ನ ನಾನು ಹಾಡಿನಲ್ಲಿ ಯಾವತ್ತೂ ಮುರಿದಿಲ್ಲ. ಒಂದು ಕಾಗದ ಕೈಗೆ ಬಂದ ದಿನ ಮುರಿದೆ. ಮೇಲಿನಿಂದ ಬಂದ ಕಾಗದ ಅಲ್ಲವಾ, ಅದಕ್ಕೆ ಕೇಳೋ ಕಟ್ಟು ಇಲ್ಲ ಅಂದುಕೊಂಡೆ. ಈಗ ಅನ್ನಿಸುತ್ತದೆ, ಸರ್ಕಾರದ ತಪ್ಪೂ ಬಹಳ ಸಲ ಹಿಂಗೇ ಆಗುತ್ತಿರಬೇಕು. ಯಾರಿಗೂ ಕೆಟ್ಟದ್ದು ಮಾಡೋ ಮನಸ್ಸಿಲ್ಲ. ಒಬ್ಬನು ಬರೆಯುತ್ತಾನೆ, ಒಬ್ಬನು ಕಳಿಸುತ್ತಾನೆ, ಒಬ್ಬನು ಓದುತ್ತಾನೆ. ಕೇಳುವವನು ಮಾತ್ರ ಯಾರೂ ಇಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಟ್ರಂಕಿನಲ್ಲಿದ್ದ ಪದದ ನೋಟ್‌ಬುಕ್ಕಿಗೆ ಗೆದ್ದಲು ಹತ್ತೈತೇನೋ ಅಂತ ತೆಗೆದು ನೋಡಿದೆ. ಹಾಳೆಗಳ ನಡುವೆ ಆ ಕಾಗದ ಇತ್ತು. ಓದಿದ ದಿನ ಮಡಿಸಿ ಜೇಬಿಗೆ ಹಾಕಿಕೊಂಡದ್ದು, ಆಮೇಲೆ ಅಲ್ಲಿಟ್ಟು ಮರೆತಿದ್ದೆ. ಸರ್ಕಾರ ಯಾಕೆ ಇಟ್ಟುಕೊಂಡಿತು ಅಂತ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದವನ ಟ್ರಂಕಿನಲ್ಲೇ ಹನ್ನೊಂದು ಹೆಸರು ಐದು ವರ್ಷ ಮಲಗಿದ್ದವು. ಒಲೆಗೆ ಹಾಕೋಣ ಅಂತ ಎದ್ದೆ. ಹಾಕಲಿಲ್ಲ. ಅದು ನನ್ನದಲ್ಲ, ಸುಡೋಕೂ ನನ್ನದಲ್ಲ ಅನ್ನಿಸಿತು.

ಶ್ರಾವಣದಲ್ಲಿ ಉರುಕುಂದಕ್ಕೆ ಹೋದಾಗ ಆಕೆ ಸಿಕ್ಕಳು. ಬೆಂಗಳೂರಿನಿಂದ ಬಂದಿದ್ದಳು, ಮಗನೂ ಜೊತೆಗಿದ್ದ, ಎತ್ತರ ಬೆಳೆದಾನೆ. ಹೊಲದ ವಿಷಯ ಕೇಳಲಿಲ್ಲ, ಕೇಳೋ ಮುಖ ನನಗಿರಲಿಲ್ಲ. ಜೇಬಿನಿಂದ ಕಾಗದ ತೆಗೆದು ಕೊಟ್ಟೆ. ಏನು ಅಂತ ಹೇಳಬೇಕಾಗಲಿಲ್ಲ. ಮಗನಿಗೆ ಕೊಟ್ಟು ತನ್ನ ಹೆಸರು ಎಲ್ಲೈತಿ ತೋರಿಸು ಅಂದಳು, ಆಕೆಗೆ ಓದೋಕೆ ಬರಲ್ಲ. ಅವನು ಬೆರಳಿಟ್ಟ. ಮೇಲಿನ ಸಾಲು, ಕೆಳಗಿನ ಸಾಲು ಹರಿಯದಂಗೆ ಉಗುರಿನಲ್ಲಿ ಗೀರಿ ತನ್ನ ಸಾಲು ಮಾತ್ರ ಬಿಡಿಸಿಕೊಂಡು, ಕುಬಸದಲ್ಲಿ ಇಟ್ಟುಕೊಂಡಳು. ಎರಡು ತುಂಡಾದ ಕಾಗದವನ್ನ ನನ್ನ ಕೈಗೇ ವಾಪಸು ಕೊಟ್ಟು, "ಉಳಿದವರನ್ನ ನೀನು ಕೇಳು ಮಾವ" ಅಂದಳು.

ಉಳಿದದ್ದು ಹತ್ತು. ಇಬ್ಬರು ತೀರಿಕೊಂಡಾರೆ, ಅವರ ಮನೆಯವರನ್ನ ಕೇಳಬೇಕು. ಮೂವರ ಹತ್ತಿರ ಹೋಗಿ ಬಂದೆ. ಒಬ್ಬ ನಕ್ಕು ಹರಿದು ಹಾಕಿದ. ಒಬ್ಬ, ಇದರಿಂದ ಸರ್ಕಾರದ ದುಡ್ಡೇನಾದರೂ ಬರುತ್ತದಾ ಅಂತ ಕೇಳಿದ. ಇನ್ನೊಬ್ಬ ಮಾತಾಡಲಿಲ್ಲ. ಮಿಕ್ಕವರು ಸುಗ್ಗಿಗೆ ಹೋಗ್ಯಾರೆ, ಯುಗಾದಿಗೆ ಬರ್ತಾರೆ.